ಕರಗುವ ಹರಳಿನ ವಿಮಲಾ ಮೇಡಂ

ವಿಮಲಾ ಮೇಡಂ ರಸ್ಕು ತಿನ್ನುತ್ತಿರಲಿಲ್ಲ, ಮುಳುಗಿಸುತ್ತಿದ್ದರು.

ಬಂಟ್ವಾಳದಲ್ಲಿ ಬಸ್ಸು ನಿಲ್ಲುವಲ್ಲಿಯೇ ಹಮೀದ್ ಬ್ಯಾರಿಯ ಬೇಕರಿ. ಬೆಳಿಗ್ಗೆ ಮೂಡುಬಿದಿರೆಯ ಬಸ್ಸಿಗೆ ಕಾಯುವಾಗ ಮೇಡಂ ಅಲ್ಲಿ ಎರಡು ಗ್ಲಾಸು ಚಹಾ ಹೇಳುವರು. ಒಂದು ಕುಡಿಯಲಿಕ್ಕೆ. ಇನ್ನೊಂದರಲ್ಲಿ ರಸ್ಕನ್ನು ಅರ್ಧದವರೆಗೆ ಇಳಿಸಿ, ಮೇಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ಕೂತುಬಿಡುವರು. ರಸ್ಕು ಮೆತ್ತಗಾಗಿ, ಸೊಂಟ ಬಗ್ಗಿ, ಗ್ಲಾಸಿನೊಳಗೆ ಕುಸಿದು ಬೀಳುವವರೆಗೆ ಯಾರು ಮಾತಾಡಿಸಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಒಂದೆರಡು ಸಲ ಬಸ್ಸೂ ತಪ್ಪಿತ್ತು.

"ಮೇಡಂ, ನನ್ನ ರಸ್ಕಿಗೆ ಹೀಗೆ ಅವಮಾನ ಮಾಡ್ಬೇಡಿ. ತಿನ್ನುದಾದ್ರೆ ತಿನ್ನಿ, ಇಲ್ಲದಿದ್ರೆ ನೇತ್ರಾವತಿಗೆ ಹಾಕಿ ಬನ್ನಿ" ಎಂದು ಹಮೀದ್ ಬ್ಯಾರಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಕೂಗುತ್ತಿದ್ದ.

"ನಿಮ್ಮ ಇವತ್ತಿನ ರಸ್ಕು ಬೇಗ ಬಿತ್ತು ಸಾಯ್ಬ್ರೇ. ನಿನ್ನೆಯದ್ದು ಚಂದ ನಿಂತಿತ್ತು. ಒಲೆ ಬಿಸಿ ಕಮ್ಮಿ ಇತ್ತಾ?"

"ಅಲ್ಲಾ ಮಾರಾಯ್ರೇ, ತಿನ್ನದವರಿಂದ ಇಷ್ಟು ಪೆಟ್ಟು ತಿನ್ಬೇಕಾ ನಾನು!"

ಮೇಡಂ ಜೈನರು. ಚಹಾ ಒಂದು ಬಿಟ್ಟರೆ ಹೊರಗಿನದ್ದು ಏನನ್ನೂ ಬಾಯಿಗೆ ಹಾಕುವವರಲ್ಲ. ಸಂಜೆ ಬಸ್ಸಲ್ಲಿ ಬರುವಾಗ ಕತ್ತಲೆಯಾಗುವ ಮೊದಲು ಬುತ್ತಿ ಮುಗಿಸಬೇಕೆಂದು ಕಿಟಕಿಯ ಹತ್ತಿರ ಕೂತು ಅವಸರವಸರವಾಗಿ ಉಣ್ಣುವುದನ್ನು ನಾನೇ ಕಂಡಿದ್ದೇನೆ. ಸಣಕಲು ದೇಹ, ಮಾಸಿದ ಹತ್ತಿ ಸೀರೆ, ಮುಂಗೈಯಲ್ಲಿ ಭಟ್ಟಿಯ ಬಾಗಿಲು ತಾಗಿದ ಸುಟ್ಟ ಗುರುತು. ಗಂಡ ತಾಲೂಕು ಆಫೀಸಿನಲ್ಲಿದ್ದರು, ಹಾಗಾಗಿ ಬಂಟ್ವಾಳದಲ್ಲಿ ಮನೆ. ಅವರು ಪ್ರಯೋಗ ಮಾಡುವ ಜಾಗ ಮಾತ್ರ ಮೂಡುಬಿದಿರೆಯ ಒಂದು ಕಾಲೇಜಿನ ಹಿಂಬದಿಯಲ್ಲಿ.

ಆ ಜಾಗದ ಮಾಡನ್ನು ಕಟ್ಟಿದ್ದು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ. ನಾನು ಸೆಂಟ್ರಿಂಗ್ ಮೇಸ್ತ್ರಿ, ಬಾಬು ಮೇಸ್ತ್ರಿ ಎಂದರೆ ಆ ಕಾಲದಲ್ಲಿ ಸಿದ್ಧಕಟ್ಟೆಯಿಂದ ಬೆಳ್ತಂಗಡಿಯವರೆಗೆ ಗೊತ್ತಿತ್ತು. ಸ್ಲ್ಯಾಬು ಹಾಕುವ ಮೊದಲು ಕೆಳಗಿನಿಂದ ಗೂಟ ಕೊಟ್ಟು ಹಲಗೆ ಹಾಸುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನು ಬಿಚ್ಚುವುದು, ಅದೇ ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಮೇಡಮ್ಮನ ಭಟ್ಟಿ ಕೋಣೆಗೆ ಸ್ಲ್ಯಾಬು ಹಾಕಿದೆವು. ಅವರು ದಿನಕ್ಕೊಮ್ಮೆ ಬಂದು ಗೂಟಗಳ ಎಡೆಯಲ್ಲಿ ಬಗ್ಗಿ ನೋಡುತ್ತಿದ್ದರು.

"ಮೇಸ್ತ್ರಿ, ಇದನ್ನು ಯಾವಾಗ ಬಿಚ್ತೀರಿ?"

"ಸ್ವಲ್ಪ ದಿನ ಹೋಗ್ಲಿ ಮೇಡಂ."

"ಬೇಗ ಬಿಚ್ಚಿದ್ರೆ?"

"ಸ್ಲ್ಯಾಬು ಕೆಳಗೆ, ನಾನು ಜೈಲಲ್ಲಿ."

"ಬಿಚ್ಚದೇ ಬಿಟ್ರೆ?"

"ಹಾಗೂ ಆಗುದಿಲ್ಲ. ಹಲಗೆ ಕುಂಬಾಗಿ ಪುಡಿಯಾಗ್ತದೆ, ಗೆದ್ದಲು ಬರ್ತದೆ. ಮತ್ತೆ ನೀವು ಒಳಗೆ ಹೋಗುದು ಎಲ್ಲಿಂದ?"

ಮೇಡಂ ಹೊಯಿಗೆ ರಾಶಿಯ ಮೇಲೆಯೇ ಕೂತು ನಕ್ಕರು. ಬ್ಯಾಗಿನಿಂದ ಒಂದು ಗಾಜಿನ ಕುಪ್ಪಿ ತೆಗೆದು ನನ್ನ ಅಂಗೈಗೆ ನಾಲ್ಕು ಹರಳು ಸುರಿದರು. ಬೆಳ್ಳಗೆ, ಸಕ್ಕರೆಗಿಂತ ದೊಡ್ಡದು, ಉಪ್ಪಿನ ಹರಳಿಗಿಂತ ಸಣ್ಣದು. ಕಣ್ಣ ಹತ್ತಿರ ಹಿಡಿದರೆ ಇಡ್ಲಿಯ ಹಾಗೆ ತೂತು ತೂತು.

"ನನ್ನದೂ ನಿಮ್ಮದೇ ಕೆಲಸ ಮೇಸ್ತ್ರಿ. ಎಲುಬಿನಲ್ಲಿ ಗುಂಡಿ ಬಿದ್ದವರಿಗೆ ಇದನ್ನು ತುಂಬಿಸುದು. ಎಲುಬಿನಲ್ಲಿರುವ ಸುಣ್ಣ, ರಂಜಕವೇ ಇದರಲ್ಲೂ ಉಂಟು. ಈ ತೂತುಗಳ ಒಳಗೆ ರಕ್ತ ಬರ್ತದೆ, ಅದರ ಹಿಂದೆ ಹೊಸ ಎಲುಬು ಬರ್ತದೆ. ಎಲುಬು ಬಂದ ಹಾಗೆ ಇದು ಕರಗಿ ಹೋಗ್ಬೇಕು. ನಿಮ್ಮ ಹಲಗೆ ಬಿಚ್ಚಲಿಕ್ಕೆ ನೀವಿದ್ದೀರಿ. ನನ್ನದನ್ನು ಬಿಚ್ಚಲಿಕ್ಕೆ ಯಾರಿಗೂ ಒಳಗೆ ಹೋಗ್ಲಿಕ್ಕಾಗುದಿಲ್ಲ."

"ಬೇಗ ಕರಗಿದ್ರೆ?"

"ಅದೇ ನನ್ನ ಹೆದರಿಕೆ" ಎಂದರು. ನಗು ಹೋಗಿತ್ತು.

ದನದ ಎಲುಬನ್ನು ಸುಟ್ಟು ಇಂಥದ್ದೇ ಹರಳು ಮಾಡುವವರು ಹೊರದೇಶದಲ್ಲಿ ಇದ್ದಾರಂತೆ. ಅದು ಸುಲಭವಂತೆ. ಮೇಡಂ ಆ ದಾರಿ ಹಿಡಿಯಲಿಲ್ಲ. ಪುಡಿ ಕಲಸಿ, ಉಂಡೆ ಮಾಡಿ, ಭಟ್ಟಿಗೆ ಹಾಕಿ, ಒಡೆದು, ಜರಡಿ ಹಿಡಿದು, ಸರಿಯಾಗದೆ ಚೆಲ್ಲಿ, ಮತ್ತೆ ಕಲಸಿ, ಹೀಗೆ ವರ್ಷಗಟ್ಟಲೆ. ಭಟ್ಟಿ ಹೆಚ್ಚು ಕಾದರೆ ಹರಳು ಕಲ್ಲಾಗುತ್ತದೆ, ಕರಗುವುದೇ ಇಲ್ಲ. ಕಮ್ಮಿಯಾದರೆ ನೀರು ಕಂಡ ಕೂಡಲೇ ಹಿಟ್ಟು. ಮೊದಲು ಮೊಲಗಳಿಗೆ ಹಾಕಿ ನೋಡಬೇಕೆಂಬ ನಿಯಮ ಉಂಟಂತೆ. "ಮೊಲದ ದಿನ ನನಗೆ ಉಪವಾಸ" ಎಂದು ಒಮ್ಮೆ ಹೇಳಿದ್ದರು. ಹೆಚ್ಚು ಕೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ಇಷ್ಟೆಲ್ಲ ನನಗೆ ಊರಿನ ಒಂದು ವಿಚಿತ್ರ ಸುದ್ದಿಯಾಗಿತ್ತು, ಅಷ್ಟೆ. ನನ್ನ ಪುಳ್ಳಿ ಬೀಳುವವರೆಗೆ.

ಮಗಳು ಪುಷ್ಪಳನ್ನು ಬೆಳ್ತಂಗಡಿಗೆ ಕೊಟ್ಟಿದ್ದೆವು. ಅಳಿಯ ಗಲ್ಫಿನಲ್ಲಿ. ಅವರ ಒಬ್ಬಳೇ ಮಗಳು ಶ್ರುತಿ, ನನ್ನ ಪುಳ್ಳಿ. ಏನು ಹೇಳಲಿ ಅವಳ ವಿಷಯ! ಆ ಮಗು ನಡೆದದ್ದನ್ನು ನಾನು ಕಂಡೇ ಇಲ್ಲ, ಓಡುವುದೇ. ಬಸ್ಸಿಳಿದರೆ ಓಟ, ಬಾವಿಕಟ್ಟೆಗೆ ಓಟ, ಬಚ್ಚಲಿಗೂ ಓಟ. ನಾಲ್ಕನೇ ಕ್ಲಾಸಿನಲ್ಲಿರುವಾಗ ಶಾಲೆಯ ಜಗಲಿಯಿಂದ ಹಾರಿದಳು. ಎಲ್ಲ ಮಕ್ಕಳು ಹಾರುವಷ್ಟೇ ಎತ್ತರ. ಉಳಿದವರು ಎದ್ದು ಹೋದರು, ಇವಳು ಏಳಲಿಲ್ಲ. ಹಮೀದ್ ಬ್ಯಾರಿಯ ಬೇಕರಿಗೆ ಫೋನು ಬಂತು, ನಾನು ಕೆಲಸದ ಬಟ್ಟೆಯಲ್ಲೇ ಬಸ್ಸು ಹತ್ತಿದೆ.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದರು: ಮೊಣಗಂಟಿನ ಕೆಳಗಿನ ಎಲುಬಿನ ಒಳಗೆ ನೀರು ತುಂಬಿದ ಒಂದು ಟೊಳ್ಳು ಮೊದಲೇ ಇತ್ತು, ಎಲುಬು ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಾಗಿತ್ತು, ಅದಕ್ಕೇ ಮುರಿಯಿತು. ಕ್ಯಾನ್ಸರ್ ಅಲ್ಲ. ಆದರೆ ಕೆರೆದು ತೆಗೆದು ತುಂಬಿಸದಿದ್ದರೆ ಮತ್ತೆ ಮತ್ತೆ ಮುರಿಯುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆಳೆಯುವಾಗ ಗಿಡ್ಡವೂ ಆಗಬಹುದು. ಸೊಂಟದ ಎಲುಬು ತೆಗೆದು ತುಂಬಿಸುವುದು ಪದ್ಧತಿ. ಇವಳ ಸೊಂಟದಲ್ಲಿ ಅಷ್ಟು ಎಲುಬು ಎಲ್ಲಿದೆ?

"ನನ್ನದು ತೆಗೀರಿ ಡಾಕ್ಟ್ರೇ" ಎಂದೆ.

"ಹಾಗೆ ಒಬ್ಬರದ್ದು ತೆಗೆದು ಇನ್ನೊಬ್ಬರಿಗೆ ಹಾಕ್ಲಿಕ್ಕೆ ಇಲ್ಲಿ ಆಗುದಿಲ್ಲ ಅಜ್ಜ. ಮೂಡುಬಿದಿರೆಯಲ್ಲಿ ಒಬ್ಬರು ಮೇಡಂ ಒಂದು ಹರಳು ಮಾಡ್ತಾ ಇದ್ದಾರೆ. ನಾವು ಕೆಲವರಿಗೆ ಹಾಕಿ ನೋಡಿದ್ದೇವೆ. ಅದನ್ನು ಇವಳ ಎಲುಬಿನ ಜೊತೆ ಬೆರೆಸಿ ಹಾಕ್ಬಹುದು. ಆದ್ರೆ ಅದು ಇನ್ನೂ ಪ್ರಯೋಗ. ಯೋಚನೆ ಮಾಡಿ ಹೇಳಿ."

ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಮೇಡಂ! ಮರುದಿನವೇ ಮೂಡುಬಿದಿರೆಗೆ ಓಡಿದೆ. ಮೇಡಂ ಎಕ್ಸ್‌ರೇ ನೋಡಿದರು, ಡಾಕ್ಟರು ಬರೆದ ಕಾಲಿನ ಅಳತೆ ನೋಡಿದರು, ಹೆಸರು ಓದಿದರು.

"ಇವಳು ನಿಮ್ಮ ಪುಳ್ಳಿಯಾ?"

"ಹೌದು ಮೇಡಂ."

"ಹಾಗಾದ್ರೆ ಬೇಡ."

ನಾನು ಎಕ್ಸ್‌ರೇಯನ್ನು ಮತ್ತೆ ಅವರ ಎದುರಿಗೆ ತಳ್ಳಿದೆ.

"ಇದುವರೆಗೆ ಹಾಕಿದ್ದೆಲ್ಲ ದೊಡ್ಡವರಿಗೆ ಮೇಸ್ತ್ರಿ. ಸಣ್ಣ ಸಣ್ಣ ಗುಂಡಿಗೆ. ಇಷ್ಟು ದೊಡ್ಡ ಜಾಗಕ್ಕೆ, ಬೆಳೆಯುವ ಮಗುವಿಗೆ ಹಾಕಿಲ್ಲ. ಕರಗುವ ವೇಗ ಮಕ್ಕಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಾಳೆ ಏನಾದ್ರೂ ಆದ್ರೆ ಹಮೀದ್ ಸಾಯ್ಬರ ಅಂಗಡಿಯಲ್ಲಿ ನಿಮ್ಮ ಮುಖ ಹೇಗೆ ನೋಡುದು ನಾನು?"

ಅವರು ಎದ್ದು ಭಟ್ಟಿಯ ಹತ್ತಿರ ಹೋಗಿ, ಬಾಗಿಲ ಹಿಡಿಕೆ ಮುಟ್ಟಿ, ತಿರುಗಿ ಬಂದರು. ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮಾತಾಡಿದರು. "ಗುರುತಿಲ್ಲದ ಮಗು ಆಗಿದ್ರೆ ನಾನು ಹೂಂ ಅಂತಿದ್ದೆ. ಅದು ಹೇಗೆ ಸರಿ? ಅದಕ್ಕೂ ಒಬ್ಬ ಅಜ್ಜ ಇರ್ತಿದ್ದ."

ಮತ್ತೆ ಕೂತು "ಆಗ್ಲಿ" ಎಂದರು. ನನ್ನ ಮಗಳನ್ನು ಕರೆಸಿದರು, ಅಳಿಯನ ಹತ್ತಿರ ಫೋನಿನಲ್ಲಿ ಮಾತಾಡಿದರು, ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಆಸ್ಪತ್ರೆಯ ಕಮಿಟಿಗೆ ತಾವೇ ಹೋದರು. ಎಲ್ಲರಿಗೂ ಹೇಳಿದ್ದು ಒಂದೇ: ಸರಿಯಾಗಬಹುದು, ಆಗದೆಯೂ ಇರಬಹುದು, ಆಗದಿದ್ದರೆ ಇನ್ನೊಂದು ಆಪರೇಷನ್ ಬೇಕು. ಮರೆಮಾಚಿ ಮಾತಾಡಲಿಕ್ಕೆ ಆ ಹೆಂಗಸಿಗೆ ಬರುತ್ತಲೇ ಇರಲಿಲ್ಲ. ದೊಡ್ಡ ದೊಡ್ಡವರು ಸುತ್ತಿಬಳಸಿ ಹೇಳುವುದನ್ನು ಅವರು "ಗೊತ್ತಿಲ್ಲ" ಎಂಬ ಒಂದು ಮಾತಿನಲ್ಲಿ ಮುಗಿಸಿ, ನಮ್ಮ ಮುಖ ನೋಡುತ್ತಾ ಕೂರುವರು. ನಾನು ನಂಬಿದ್ದು ಆ ಮಾತನ್ನೇ.

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಶ್ರುತಿ ಮೇಡಮ್ಮನ ಕುಪ್ಪಿ ನೋಡಿ ಕೇಳಿದಳು. "ನನ್ನ ಕಾಲಿಗೆ ಸಕ್ಕರೆ ಹಾಕುದಾ?"

"ಸಕ್ಕರೆ ಅಲ್ಲ."

"ಮತ್ತೆ ಇರುವೆ ಬರುದಿಲ್ಲ ಅಲ್ವಾ?"

"ಇರುವೆ ಬರುದಿಲ್ಲ. ಅದು ನನಗೆ ಗೊತ್ತುಂಟು" ಎಂದರು ಮೇಡಂ.

ಹೊರಗೆ ಬೆಂಚಿನಲ್ಲಿ ನಾನು ಮತ್ತು ಅವರು. ಅವರು ಕೈಗಡಿಯಾರ ಬಿಚ್ಚಿ ಬ್ಯಾಗಿನೊಳಗೆ ಹಾಕಿಬಿಟ್ಟಿದ್ದರು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಏಳುವುದು, ಬೇರೆ ಯಾರೋ ಬಂದದ್ದು ಕಂಡು ಒಟ್ಟಿಗೆ ಕೂರುವುದು. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಬಂದು "ತುಂಬಿಸಿದೆವು" ಎಂದರು. ಮರುದಿನದ ಎಕ್ಸ್‌ರೇಯಲ್ಲಿ ಆ ಕಪ್ಪು ಟೊಳ್ಳಿನ ತುಂಬ ಬಿಳಿ ಬಿಳಿ ಕಾಳು, ದಾಳಿಂಬೆಯ ಹಾಗೆ ಒತ್ತೊತ್ತಾಗಿ ತುಂಬಿತ್ತು. ಎಷ್ಟು ಚಂದ ಕಂಡಿತು ಆ ಹೊತ್ತಿಗೆ!

ಕಾಲಿಗೆ ಪ್ಲಾಸ್ಟರು ಹಾಕಿದರು. ನಾನು ಮೆಲ್ಲಗೆ ಮೇಡಮ್ಮನನ್ನು ಕೇಳಿದೆ. "ದಿನಕ್ಕೆ ಎಷ್ಟು ಸಲ ನೀರು ಹಾಕ್ಬೇಕು?"

"ಯಾವುದಕ್ಕೆ?"

"ಕಾಲಿಗೆ. ಗಟ್ಟಿಯಾಗ್ಲಿಕ್ಕೆ. ನಾವು ಸ್ಲ್ಯಾಬಿಗೆ ಹಾಕುದಿಲ್ವಾ?"

"ಅಯ್ಯೋ ದೇವರೇ! ಒಂದು ಹನಿ ಮುಟ್ಟಿಸಿದ್ರೆ ನಿಮ್ಮನ್ನು ಬಂಟ್ವಾಳದಿಂದ ಓಡಿಸ್ತೇನೆ!" ಅವರು ಹಾಗೆ ಕಿರುಚಿದ್ದು ನಾನು ಅದೊಂದೇ ಸಲ ಕೇಳಿದ್ದು.

ಕೆಲವು ತಿಂಗಳು ಕಳೆದ ಮೇಲೆ ಪ್ಲಾಸ್ಟರು ತೆಗೆದು ಹೊಸ ಎಕ್ಸ್‌ರೇ ತೆಗೆದರು. ಡಾಕ್ಟರು ಊರಿನಲ್ಲಿರಲಿಲ್ಲ, ಎಕ್ಸ್‌ರೇ ಕೋಣೆಯವರು ಸೋಮವಾರ ಬನ್ನಿ, ಅದುವರೆಗೆ ಕಾಲು ಊರಬೇಡಿ ಎಂದು ಹೇಳಿ ಫಿಲ್ಮನ್ನು ನಮ್ಮ ಕೈಗೇ ಕೊಟ್ಟರು. ಪುಷ್ಪ ಮಗುವನ್ನು ಕರೆದುಕೊಂಡು ಬಂಟ್ವಾಳಕ್ಕೇ ಬಂದಳು. ನಾನು ಹಮೀದ್ ಬ್ಯಾರಿಯ ಬೇಕರಿಯ ಟ್ಯೂಬ್‌ಲೈಟಿಗೆ ಫಿಲ್ಮನ್ನು ಹಿಡಿದೆ. ಹಳೆಯದನ್ನೂ ಪಕ್ಕದಲ್ಲಿ ಹಿಡಿದೆ.

ದಾಳಿಂಬೆ ಕಾಳು ಅರ್ಧ ಇರಲಿಲ್ಲ. ಅಂಚಿನವು ಮಾಯವಾಗಿದ್ದವು, ನಡುವಿನವು ಮಾಸಿದ್ದವು.

ಹಮೀದ್ ಬ್ಯಾರಿಯ ಕಾಲಿನಲ್ಲಿ ಹಿಂದೆ ಬೈಕಿನಿಂದ ಬಿದ್ದಾಗ ಹಾಕಿದ ಸ್ಟೀಲಿನ ಪ್ಲೇಟು ಇತ್ತು. ಅವನು ಒಳಗೆ ಹೋಗಿ ತನ್ನ ಎಕ್ಸ್‌ರೇ ತಂದು ನಮ್ಮದರ ಪಕ್ಕ ಹಿಡಿದ. "ನೋಡು ಬಾಬಣ್ಣ. ನನ್ನದು ಹಾಕಿದ ಕಡೆಯೇ ಉಂಟು. ಸ್ಕ್ರೂ ಕೂಡ ಅಲುಗಲಿಲ್ಲ. ನಿಮ್ಮದು ಎಲ್ಲಿಗೆ ಹೋಯಿತು? ಇಷ್ಟು ಬೇಗ ಕರಗಿದ್ರೆ ಹೇಗೆ ಮಾರಾಯ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನ ಕಣ್ಣಲ್ಲೂ ನೀರಿತ್ತು. ಪುಷ್ಪ ಅಳಲಿಕ್ಕೆ ಶುರುಮಾಡಿದಳು. ಕರಗಬೇಕಾದದ್ದೇ ಎಂದು ನನಗೆ ಗೊತ್ತಿತ್ತು, ಆದರೆ ನನ್ನ ತಲೆಯಲ್ಲಿ ಬಂದದ್ದು ಸಿದ್ಧಕಟ್ಟೆಯ ಹತ್ತಿರ ಒಬ್ಬರು ಮನೆ ಒಕ್ಕಲಿನ ಮುಹೂರ್ತಕ್ಕೆಂದು ಅವಸರದಲ್ಲಿ ಸೆಂಟ್ರಿಂಗ್ ಬಿಚ್ಚಿಸಿದ ಮನೆ. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಆದರೆ ಆ ಸ್ಲ್ಯಾಬು ಬಿದ್ದ ಸದ್ದು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಎಲುಬು ಬರುವ ಮೊದಲೇ ಹಲಗೆ ಹೋಗಿದ್ದರೆ?

ಸೋಮವಾರದವರೆಗೆ ಕಾಯಲಿಕ್ಕೆ ನನ್ನಿಂದಾಗಲಿಲ್ಲ. ಮನೆಗೆ ಓಡಿ ಎರಡು ಸಣ್ಣ ಹಲಗೆ ತಂದೆ. ಮಗುವಿನ ಕಾಲಿಗೆ ಎರಡು ಬದಿಯಿಂದ ಕೊಟ್ಟು, ಹಳೆ ಸೀರೆ ಹರಿದು ಕಟ್ಟಿದೆ. ಮೊಣಗಂಟಿನ ಅಡಿಗೆ ಒಂದು ಮರದ ತುಂಡೂ ಕೊಟ್ಟೆ. "ಅಜ್ಜ, ನಾನು ಮನೆಯಾ?" ಎಂದು ಅವಳು ಕೇಳಿದಾಗಲೂ ನನಗೆ ನಗು ಬರಲಿಲ್ಲ. ಹಮೀದ್ ಬ್ಯಾರಿ ಬ್ರೆಡ್ಡು ಹಾಕುವ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟ. ಸಿದ್ಧಕಟ್ಟೆಯ ತಿರುವುಗಳಲ್ಲಿ ಹೊಂಡ ಬಂದಾಗಲೆಲ್ಲ "ಯಾ ಅಲ್ಲಾ" ಎಂದು ಅವನು, "ದೇವರೇ" ಎಂದು ನಾನು.

ಮೇಡಂ ಭಟ್ಟಿ ಕೋಣೆಯ ಬಾಗಿಲಲ್ಲಿ ನಿಂತು, ವ್ಯಾನಿನಿಂದ ಇಳಿಸಿದ ಮಗುವನ್ನು ನೋಡಿದರು. ಹಲಗೆ ನೋಡಿದರು. ನನ್ನನ್ನು ನೋಡಿದರು. ಫಿಲ್ಮು ಕೇಳಿ ತೆಗೆದುಕೊಂಡು ಕಿಟಕಿಗೆ ಹಿಡಿದರು. ಹಳೆಯದನ್ನು ಅದರ ಮೇಲಿಟ್ಟರು, ಪಕ್ಕದಲ್ಲಿಟ್ಟರು, ಭೂತಗನ್ನಡಿ ತಂದರು.

"ಅಂಚಿನಲ್ಲಿ ನೋಡಿ" ಎಂದು ಕೊನೆಗೆ ನನ್ನ ಕೈ ಹಿಡಿದು ಬೆರಳನ್ನು ಫಿಲ್ಮಿನ ಮೇಲಿಟ್ಟರು. "ಹರಳು ಹೋಗಿದೆ, ಆದ್ರೆ ಜಾಗ ಕಪ್ಪಾಗ್ಲಿಲ್ಲ. ಬೂದು ಬಣ್ಣ ಕಾಣ್ತದಲ್ಲಾ, ಗೀರು ಗೀರಾಗಿ? ಅದು ಅವಳದ್ದೇ ಎಲುಬು. ಅವಳೇ ಮಾಡಿದ್ದು. ಹೋಗಬೇಕಾದ ಹಾಗೆಯೇ ಹೋಗ್ತಾ ಉಂಟು ಮೇಸ್ತ್ರಿ."

ಪುಷ್ಪ ಅವರ ಕಾಲಿಗೆ ಬೀಳಲಿಕ್ಕೆ ಹೋದಳು. ಮೇಡಂ ತಡೆದರು.

"ನಿಲ್ಲಿ. ಇಲ್ಲಿ, ನಡುವಿನಲ್ಲಿ, ಈ ಕಪ್ಪು ಗೆರೆ ಉಂಟಲ್ಲ."

"ಅದೆಂತದು?"

"ಗೊತ್ತಿಲ್ಲ. ನಡುವಿಗೆ ರಕ್ತ ನಿಧಾನ ಬರ್ತದೆ. ಎಲುಬು ದಾರಿಯಲ್ಲಿರಬಹುದು. ಅಥವಾ ಹರಳು ಬೇಗ ಹೋಗಿ ಖಾಲಿಯಾಗಿರಬಹುದು. ಡಾಕ್ಟ್ರ ಹತ್ತಿರ ನಾನೇ ಮಾತಾಡ್ತೇನೆ. ಅವಳು ಈಗ ಕಾಲು ಊರಬಾರದು. ಇನ್ನೂ ಎರಡು ತಿಂಗಳು ಕಾಯುವ."

ಹಮೀದ್ ಬ್ಯಾರಿ ಮೆಲ್ಲಗೆ ಹೇಳಿದ. "ನನ್ನ ಪ್ಲೇಟಿನ ಹಾಗೆ ಇದ್ದಿದ್ರೆ ಒಂದು ಧೈರ್ಯ ಇರ್ತಿತ್ತು ಮೇಡಂ."

"ನಿಮ್ಮ ಪ್ಲೇಟು ಬೆಳೆಯುದಿಲ್ಲ ಸಾಯ್ಬ್ರೇ. ಇವಳು ಬೆಳೀಬೇಕು."

ಹೊರಡುವಾಗ ನನ್ನ ಹಲಗೆಗಳನ್ನು ಅವರೇ ಬಿಚ್ಚಿ, ನೆಟ್ಟಗೆ ಒಂದು ಬ್ಯಾಂಡೇಜು ಕಟ್ಟಿದರು. ಮರದ ತುಂಡನ್ನು ಮಾತ್ರ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಆ ಇಡೀ ದಿನದಲ್ಲಿ ಮೊದಲ ಸಲ ನಕ್ಕರು.

ಆ ಎರಡು ತಿಂಗಳು! ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಕಾಲ ಬೇರೆ ಇಲ್ಲ. ಬೆಳ್ತಂಗಡಿಯ ಮಗಳ ಮನೆಯಲ್ಲೇ ಉಳಿದು ಶ್ರುತಿಯನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿಕೊಂಡೇ ಸಾಗಿಸಿದೆವು. ಕೆಲಸಕ್ಕೆ ಹೋದರೂ ನನ್ನ ಕೈ ಓಡುತ್ತಿರಲಿಲ್ಲ, ಗೂಟ ಬಿಚ್ಚುವ ದಿನ ಬಂದರೆ ಬೇರೆಯವರನ್ನು ಕಳಿಸುತ್ತಿದ್ದೆ. ಮೇಡಂ ಭಾನುವಾರ ಭಾನುವಾರ ಬೆಳ್ತಂಗಡಿಗೆ ಬಸ್ಸಿನಲ್ಲಿ ಬರುವರು. ಬಂದು ಕಾಲನ್ನು ಮುಟ್ಟುತ್ತಿರಲಿಲ್ಲ, ಎದುರು ಕೂತು ನೋಡುತ್ತಿದ್ದರು, ಅಷ್ಟೆ.

"ಮೇಡಂ, ನೀವು ನನ್ನನ್ನು ನೋಡ್ಲಿಕ್ಕೆ ಬರುದಾ, ನನ್ನ ಕಾಲನ್ನಾ?" ಎಂದು ಕೇಳಿದಳು ನಮ್ಮ ಪೋಕರಿ.

"ನಿಜ ಹೇಳ್ಬೇಕಾ?"

"ಹೂಂ."

"ಕಾಲನ್ನು."

ಶ್ರುತಿ ಬಿದ್ದು ಬಿದ್ದು ನಕ್ಕಳು. ಮುಂದಿನ ಭಾನುವಾರ ಮೇಡಂ ಬರುವ ಹೊತ್ತಿಗೆ ಕಾಲನ್ನು ಕಂಬಳಿಯ ಅಡಿಗೆ ಅಡಗಿಸಿ, "ಇವತ್ತು ನನ್ನನ್ನು ನೋಡಿ" ಎಂದಳು. ಮೇಡಂ ಅವಳ ಜೊತೆ ಚೆನ್ನೆಮಣೆ ಆಡಿದರು, ಸೋತರು. ಹೋಗುವಾಗ ಬಾಗಿಲಲ್ಲಿ ನನ್ನ ಹತ್ತಿರ ಮಾತ್ರ ಹೇಳಿದರು. "ನನಗೆ ಊಟ ಸೇರುದಿಲ್ಲ ಮೇಸ್ತ್ರಿ. ಇದು ಸರಿಯಾಗದಿದ್ರೆ ನಾನು ಭಟ್ಟಿ ಹಚ್ಚುದಿಲ್ಲ."

ಸರಿಯಾಯಿತು. ಎರಡು ತಿಂಗಳ ಮೇಲಿನ ಎಕ್ಸ್‌ರೇಯಲ್ಲಿ ಕಪ್ಪು ಗೆರೆಯ ಎರಡು ದಡದಿಂದಲೂ ಬೂದು ಗೀರುಗಳು ಬಂದು ಒಂದನ್ನೊಂದು ಮುಟ್ಟಿದ್ದವು. ಡಾಕ್ಟರು ಫಿಲ್ಮು ನೋಡಿ ಮೊದಲು ಫೋನು ಮಾಡಿದ್ದು ಮೇಡಮ್ಮನಿಗೆ. ನನಗೆ ಕೇಳಿಸಿದ್ದು ಇಷ್ಟೇ: "ಮೇಡಂ? ಮೇಡಂ, ಕೇಳ್ತಾ ಇದ್ದೀರಾ?" ನಾನೋ, ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿದವರಿಗೆಲ್ಲ ಕಿತ್ತಳೆ ಹಂಚಿದೆ. ಯಾಕೆಂದು ಕೇಳಿದವರಿಗೆ ಇನ್ನೊಂದು ಕೊಟ್ಟೆ. ಶ್ರುತಿ ವಾಕರ್ ಹಿಡಿದು ನಡೆದಳು, ಆಮೇಲೆ ಕೋಲು, ಆಮೇಲೆ ಬರಿಗೈ. ಓಡುವುದು ಮಾತ್ರ ಬೇಡ ಎಂದಿದ್ದರು.

ಮೇಡಂ ತೀರಿಕೊಂಡು ಈಗ ಎರಡು ಮಳೆಗಾಲ ಕಳೆಯಿತು. ಹೃದಯದ ತೊಂದರೆಯಂತೆ, ಯಾರಿಗೂ ಹೇಳಿರಲಿಲ್ಲ. ಸುದ್ದಿ ತಂದದ್ದು ಹಮೀದ್ ಬ್ಯಾರಿ, ಹೇಳಿ ಮುಗಿಸದೆ ಜಗಲಿಯಲ್ಲಿ ಕೂತುಬಿಟ್ಟ. ಶ್ರುತಿ ಈಗ ಕಾಲೇಜಿನ ಥ್ರೋಬಾಲ್ ಟೀಮಿನಲ್ಲಿದ್ದಾಳೆ. ಎರಡೂ ಕಾಲು ಸರಿಸಮ, ಬೇಕಾದರೆ ಬಂದು ಅಳತೆ ಹಿಡಿಯಿರಿ! ಹೋದ ವಾರ ಗೆದ್ದು ಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ನನ್ನನ್ನು, ಈ ಮುದುಕನನ್ನು! ಆ ಖುಷಿಯಲ್ಲಿ ಮೊದಲು ನೆನಪಾದದ್ದು ಮೇಡಂ. ಅದಕ್ಕೇ ಬರೆಯಲಿಕ್ಕೆ ಕೂತದ್ದು. ಐದನೇ ಕ್ಲಾಸಿನ ಕನ್ನಡ ನನ್ನದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವರು ನನಗೆ ಈಗಲೂ ನೆನಪಾಗುವುದು ಮೂಡುಬಿದಿರೆಯಲ್ಲಿ, ಆಪರೇಷನ್ ಆಗಿ ಎರಡು ವರ್ಷದ ನಂತರ ಕಂಡ ಹಾಗೆ. ಕೊನೆಯ ಎಕ್ಸ್‌ರೇ ತೋರಿಸಲಿಕ್ಕೆ ಶ್ರುತಿಯನ್ನು ಕರೆದುಕೊಂಡು ಹೋಗಿದ್ದೆ. ಮೇಡಂ ಫಿಲ್ಮನ್ನು ಕಿಟಕಿಗೆ ಹಿಡಿದು ಮೇಲಿನಿಂದ ಕೆಳಗೆ ಹುಡುಕಿದರು, ಕೆಳಗಿನಿಂದ ಮೇಲೆ ಹುಡುಕಿದರು.

"ಇಲ್ಲ" ಎಂದರು. "ನನ್ನದು ಒಂದು ಹರಳೂ ಇಲ್ಲ ಇದರಲ್ಲಿ. ಪೂರಾ ಇವಳದ್ದೇ."

"ಹಾಗಾದ್ರೆ ನಾನು ಓಡ್ಬಹುದಾ?" ಎಂದಳು ಶ್ರುತಿ. "ಡಾಕ್ಟ್ರು ಆಗ್ತದೆ ಅಂದ್ರು. ಈ ಅಜ್ಜ ಬಿಡುದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಬಾಗಿಲು ತೆರೆದರು. ಹಿಂದೆ ಕಾಲೇಜಿನ ಮೈದಾನ, ರಜೆಯ ದಿನ, ಯಾರೂ ಇರಲಿಲ್ಲ. ಹುಡುಗಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಮೊದಲು ಸ್ವಲ್ಪ ಹೆದರಿಕೊಂಡು, ಆಚೆ ಬದಿ ತಲುಪುವಾಗ ಹಳೆಯ ಹಾಗೆಯೇ ಓಡುತ್ತಿದ್ದಳು. ಅವಳ ಹೆಜ್ಜೆ ನೆಲಕ್ಕೆ ಬಡಿಯುವ ಸದ್ದನ್ನು ನಾನು ಒಂದೊಂದಾಗಿ ಎಣಿಸಿದೆ. ಒಂದು ಸುತ್ತು ಮುಗಿಸಿ ನಮ್ಮ ಎದುರು ಬಂದಾಗ "ಸಾಕು ಮಗಾ, ಬಾ" ಎಂದು ಕರೆಯಲಿಕ್ಕೆ ಹೊರಟೆ.

ಮೇಡಂ ನನ್ನ ಕೈ ಹಿಡಿದರು.

"ಕರೀಬೇಡಿ ಮೇಸ್ತ್ರಿ. ಇನ್ನೊಂದು ಸುತ್ತು ಓಡ್ಲಿ."

ಅವಳು ಇನ್ನೊಂದು ಸುತ್ತು ಓಡಿದಳು. ಅದು ಮುಗಿಯುವವರೆಗೆ ಮೇಡಂ ನನ್ನ ಕೈ ಬಿಡಲಿಲ್ಲ.